ಅಲಗಿನ ಹಿಂದಿನ ತಗಡು

ಕೆಂಪ್ಟನ್
14 ಅಕ್ಟೋಬರ್ 2018

ಫೆನ್ನಾ ಚಿಕ್ಕಮ್ಮನಿಗೆ,

ಆ ದಿನ ಗರಗಸದ ಅಲಗಿನ ಹಿಂದಿನ ತಗಡನ್ನು ಬಿಚ್ಚಿಟ್ಟವನು ನಾನು. ಮೇಸ್ತ್ರಿಯ ಬೆರಳುಗಳು ಹೋದ ಮೇಲೆ, ಎಲ್ಲರೂ ಗೇಟಿನ ಹತ್ತಿರ ಇದ್ದಾಗ, ಅದನ್ನು ಮತ್ತೆ ಸಿಕ್ಕಿಸಿ ನಟ್ ಬಿಗಿ ಮಾಡಿದವನೂ ನಾನೇ.

ಇದನ್ನು ಮೊದಲೇ ಬರೆದುಬಿಟ್ಟೆ. ಕ್ಷೇಮ ಸಮಾಚಾರ, ಹವೆ, ಊಟ ಅಂತ ಶುರು ಮಾಡಿದ ಮೂರು ಕಾಗದಗಳು ಅಲ್ಲಿಗೇ ನಿಂತು ಒಲೆಗೆ ಹೋದವು. ಹದಿನೇಳು ತಿಂಗಳಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು ಇಷ್ಟೇ, ಎರಡು ಸಾಲು.

ನೀವು ಬಡಗಿ ಮೇಸ್ತ್ರಿಯ ಹೆಂಡತಿ, ನಿಮಗೆ ಗರಗಸ ಗೊತ್ತು. ಆದರೂ ಪೂರ್ತಿ ಬರೆಯುತ್ತೇನೆ. ಅರ್ಧ ಹೇಳಿ ಅರ್ಧ ನುಂಗಿದ ಅನ್ನಿಸಿಕೊಳ್ಳುವುದು ಬೇಡ. ಮೇಜಿನ ಗರಗಸದಲ್ಲಿ ಅಲಗಿನ ಬೆನ್ನಿಗೆ ಒಂದು ಉಕ್ಕಿನ ತಗಡು ನಿಂತಿರುತ್ತದೆ. ಸೀಳಿದ ಮರ ಮತ್ತೆ ಕೂಡಿಕೊಂಡು ಅಲಗನ್ನು ಕಚ್ಚದ ಹಾಗೆ ಅದು ತಡೆಯುತ್ತದೆ. ಅದಿಲ್ಲದಿದ್ದರೆ ಮರ ಅಲಗಿನ ಹಿಂಭಾಗಕ್ಕೆ ಸಿಕ್ಕಿ ಗರಗಸ ಒದೆಯುತ್ತದೆ. ಮರ ನಮ್ಮ ಮೈಮೇಲೆ ಹಾರುತ್ತದೆ, ಮರ ಹಿಡಿದಿದ್ದ ಕೈ ಅಲಗಿನ ಮೇಲೆ ಬೀಳುತ್ತದೆ. ಹಲಗೆಯ ಮೈಯಲ್ಲಿ ತೋಡು ಕೊರೆಯುವಾಗ ಮಾತ್ರ ಆ ತಗಡನ್ನು ತೆಗೆಯಬೇಕು. ಕೊರೆದ ತಕ್ಷಣ ಮತ್ತೆ ಹಾಕಬೇಕು. ನಾವು ಕಟ್ಟುತ್ತಿದ್ದ ಸಭಾಭವನದ ಛಾವಣಿ ಹಲಗೆಗಳಿಗೆ ಅವತ್ತು ತೋಡು ಕೊರೆದವನು ನಾನು. ತಗಡನ್ನು ಕಿಟಕಿಯ ಅಂಚಿನ ಮೇಲಿಟ್ಟು, ಗರಗಸದ ಮುಚ್ಚಳ ಇಳಿಸಿ, ಚಹಾಕ್ಕೆ ಹೋದೆ. ಮುಚ್ಚಳ ಇಳಿದಿದ್ದರೆ ಹಿಂದೆ ತಗಡು ಇದೆಯೋ ಇಲ್ಲವೋ ಎದುರು ನಿಂತವರಿಗೆ ಕಾಣುವುದಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಗುರುವಾರ ಇಲ್ಲಿ ಅದೇ ಆಯಿತು. ನಾವು ಒಂದು ದನದ ಕೊಟ್ಟಿಗೆಗೆ ಛಾವಣಿ ಕಟ್ಟುತ್ತಿದ್ದೇವೆ. ನನ್ನ ಜೊತೆ ತಿರುಗುವ ಬಡಗಿ ಯೋಸ್ಟ್ ಗರಗಸದ ಹತ್ತಿರ ಇದ್ದ. ಗರಗಸ ಒದೆಯಿತು. ಮೊಳದುದ್ದದ ತುಂಡೊಂದು ಅವನ ಕಿವಿಯ ಪಕ್ಕದಲ್ಲೇ ಹಾರಿ ಎದುರಿನ ಸುಣ್ಣದ ಗೋಡೆಯಲ್ಲಿ ನಾಟಿತು. ಯೋಸ್ಟ್ ಮಿಷನ್ ಆರಿಸಿ, ಕೈ ನೋಡಿಕೊಂಡು, ಬೆರಳು ಎಣಿಸಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ತಗಡು ತೆಗೆದಿದ್ದು ನಾನು. ಹಾಕೋಕೆ ಮರೆತೆ. ತಪ್ಪು ನಂದೇ."

ಮನೆಯ ಯಜಮಾನ, "ಆ ಗೋಡೆಗೆ ಕಿಟಕಿ ಬೇಕು ಅಂತ ನಾನೇನೂ ಕೇಳಿರಲಿಲ್ಲವಲ್ಲಪ್ಪ" ಅಂದ. ಎಲ್ಲರೂ ನಕ್ಕರು. ಊಟಕ್ಕೆ ಹೋದರು. ನಾನು ಊಟ ಬಿಟ್ಟು ಹೆಂಚಿನ ರಾಶಿಯ ಹಿಂದೆ ಹೋಗಿ ಕೂತೆ. ಅಷ್ಟು ಚಿಕ್ಕ ಮಾತು ಅದು. ಯೋಸ್ಟನಿಗೆ ಅದನ್ನು ಹೇಳಲು ಒಂದು ಉಸಿರು ಸಾಕಾಯಿತು.

ತಿರುಗಾಟಕ್ಕೆ ಹೊರಟ ಬಡಗಿಗಳ ಕಟ್ಟಳೆಯಂತೆ, ಮೂರು ವರ್ಷ ಒಂದು ದಿನ ಮುಗಿಯುವ ತನಕ ನಾನು ಊರಿನ ಐವತ್ತು ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ, ಫೋನ್ ಇಟ್ಟುಕೊಳ್ಳುವಂತಿಲ್ಲ. ಬೇರೆ ಬಡಗಿಗಳು ಕಸುಬು ಕಲಿಯಲು ಊರು ಬಿಟ್ಟು ತಿರುಗುತ್ತಾರೆ. ನಾನು ಆ ಕಟ್ಟಳೆಯ ಹಿಂದೆ ಅಡಗಿಕೊಳ್ಳಲು ಹೊರಟೆ. ಇದನ್ನೂ ಹೇಳಿಬಿಡುತ್ತೇನೆ.

ಈ ಕಾಗದವನ್ನು ಮೇಸ್ತ್ರಿಗೆ ತೋರಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಹಿಲ್ಕೋ


ವೆಸ್ಟರ್‌ಫೇನ್
3 ನವೆಂಬರ್ 2018

ಹಿಲ್ಕೋ,

ಹೆಸರಿಗೆ ಮೊದಲು 'ಪ್ರೀತಿಯ' ಅಂತ ಬರೆಯಲು ಹೋದೆ. ಕೈ ಏಳಲಿಲ್ಲ.

ನಿನ್ನ ಕಾಗದ ಬಂದಾಗ ನಾನು ಆಗಷ್ಟೇ ಅಂಗಡಿಯಿಂದ ಬಂದಿದ್ದೆ. ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು ಓದಿದೆ. ಓದಿ ಮುಗಿಸಿ ಒಳಗೆ ಹೋಗಿ, ತಂದ ಸಾಮಾನನ್ನೆಲ್ಲ ಕಪಾಟಿನಲ್ಲಿ ಜೋಡಿಸಿದೆ. ಬೆಣ್ಣೆಯನ್ನು ಪಾತ್ರೆಗಳ ನಡುವೆ ಇಟ್ಟಿದ್ದೆನಂತೆ, ಮಾರನೆಯ ದಿನ ಸಿಕ್ಕಿತು. ಸಿಕ್ಕಿದ್ದು ನಿನ್ನ ಮೇಸ್ತ್ರಿಯ ಕೈಗೆ. "ನೋಡು, ಬೆಣ್ಣೆ ಇಲ್ಲಿಟ್ಟಿದೀನಿ ನಾನು. ಇದು ಶುರುವಾಯ್ತು" ಅಂದರು. ಇಟ್ಟವಳು ನಾನು ಅಂದರೆ ನಂಬಲಿಲ್ಲ.

'ಇದು ಶುರುವಾಯ್ತು' ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗಲಿ.

ಆಸ್ಪತ್ರೆಯಲ್ಲಿ ಮೂರನೆಯ ದಿನ ಅವರಿಗೆ ಎಚ್ಚರ ಸರಿಯಾಗಿ ಬಂತು. ಮೊದಲು ಆಡಿದ ಮಾತು ಇದು: "ಫೆನ್ನಾ, ಮುಚ್ಚಳ ಹಾರಿದಾಗ ನೋಡಿದೆ. ಅಲಗು ಬೆತ್ತಲೆ ಇತ್ತು. ಹಿಂದೆ ತಗಡು ಇರಲಿಲ್ಲ." ಅಪಘಾತದ ತನಿಖೆಯವರು ಬಂದಾಗಲೂ ಅದನ್ನೇ ಹೇಳಿದರು. ಬಂದವನು ಒಳ್ಳೆಯ ಮನುಷ್ಯ, ತಾನು ತೆಗೆದ ಫೋಟೋ ತೋರಿಸಿದ. ತಗಡು ನೆಟ್ಟಗೆ ನಿಂತಿದೆ. "ನೋವಿನಲ್ಲಿ ಏನೇನೋ ಕಂಡ ಹಾಗೆ ಆಗುತ್ತೆ ಮೇಸ್ತ್ರಿಗಳೇ" ಅಂದ. ಇವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದರ ಒಂದು ಪ್ರತಿ ಕೇಳಿ ಇಟ್ಟುಕೊಂಡರು.

ನಮ್ಮ ಮಾವ ಅರವತ್ತಮೂರಕ್ಕೆ ಮರೆವಿಗೆ ಬಿದ್ದವರು. ಮಾರಿ ಇಪ್ಪತ್ತು ವರ್ಷವಾದ ಹಸುಗಳನ್ನು ಕರೆಯಲು ಬೆಳಿಗ್ಗೆ ಬಕೆಟ್ಟು ಹಿಡಿದು ಹೋಗುತ್ತಿದ್ದರು. ಇವರಿಗೆ ಈಗ ಅರವತ್ತೆರಡು. ಇಲ್ಲದ್ದನ್ನು ಕಂಡೆ ಅಂತ ಅಪ್ಪನ ಹಾಗೆ ಹೇಳಿಬಿಟ್ಟೆ ಅನ್ನುವುದೇ ತಲೆಯಲ್ಲಿ ಕೂತಿದೆ. ಅಡುಗೆಮನೆಯ ತುಂಬ ಚೀಟಿ ಅಂಟಿಸಿದ್ದಾರೆ. 'ಒಲೆ ಆರಿಸು.' 'ಹಿಂಬಾಗಿಲು.' ಕಾರು ಓಡಿಸುವುದಿಲ್ಲ. ಮಗಳು ಸ್ವಾಂಟ್ಯೆಗೆ ಮಾರ್ಚಿನಲ್ಲಿ ಹೆಣ್ಣುಮಗು ಹುಟ್ಟಿತು, ತಾಲೇಯಾ ಅಂತ. ಅವರು ಇವತ್ತಿನವರೆಗೆ ಅದನ್ನು ಎತ್ತಿಕೊಂಡಿಲ್ಲ. ಕೈ ಸರಿ ಇಲ್ಲ ಅಂತ ಮಗಳಿಗೆ ಹೇಳುತ್ತಾರೆ. "ಎತ್ಕೊಂಡಿದೀನಿ ಅನ್ನೋದೇ ಮರೆತು ಕೈಬಿಟ್ರೆ?" ಅಂತ ನನ್ನ ಹತ್ತಿರ ಕೇಳಿದರು.

ನಿನ್ನ ಕಾಗದ ಓದಿದ ಮೇಲೆ ಆ ಫೋಟೋ ಹುಡುಕಿ ತೆಗೆದೆ. ನೂರು ಸಲ ನೋಡಿದ ಫೋಟೋ ಅದು. ಮೇಜಿನ ಮೇಲೆ, ಅಲಗಿನ ಮೇಲೆ, ಮುಚ್ಚಳದ ಒಳಗೆ, ಎಲ್ಲ ಕಡೆ ರಕ್ತ ಸಿಡಿದಿದೆ. ತಗಡೊಂದು ಮಾತ್ರ ತೊಳೆದಿಟ್ಟ ಚಮಚದ ಹಾಗೆ ಹೊಳೆಯುತ್ತಿದೆ. ನನಗೆ ಕಂಡಿರಲಿಲ್ಲ. ಯಾರಿಗೂ ಕಂಡಿರಲಿಲ್ಲ. ನಾನು ಫೋಟೋ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬೆರಳು ಹೋದದ್ದಕ್ಕೆ ನಿನ್ನನ್ನು ಬೈಯುವುದಿಲ್ಲ ಹಿಲ್ಕೋ. ಮರೆವು ಯಾರಿಗಾದರೂ ಆಗುತ್ತದೆ. ಮೂವತ್ತೈದು ವರ್ಷದಿಂದ ಬಡಗಿಯ ಮನೆಯಲ್ಲಿದ್ದೇನೆ, ನಮ್ಮ ಊಟದ ಮೇಜಿಗೆ ಬರುವ ಅರ್ಧ ಜನಕ್ಕೆ ಹತ್ತು ಬೆರಳಿಲ್ಲ. ಆದರೆ ಬೆರಳು ತೆಗೆದದ್ದು ಗರಗಸ. ಉಳಿದದ್ದನ್ನು ತೆಗೆದದ್ದು ನಿನ್ನ ಸ್ಪ್ಯಾನರು. ಅವರು ಕಣ್ಣಾರೆ ಕಂಡದ್ದನ್ನು ನೀನು ಅವರಿಂದ ಕಿತ್ತುಕೊಂಡೆ.

ನನಗೆ ಬಿಟ್ಟದ್ದು ಅಂದೆಯಲ್ಲ, ನಾನು ಹೇಳುವುದಿಲ್ಲ. ನಿನ್ನ ಕೆಲಸವನ್ನು ನನ್ನ ತಲೆಗೆ ಕಟ್ಟಬೇಡ. ನೀನೇ ಅವರಿಗೆ ಬರಿ.

ಫೆನ್ನಾ


ವೆಸ್ಟರ್‌ಫೇನ್
8 ಜನವರಿ 2019

ಹಿಲ್ಕೋ,

ಎರಡು ತಿಂಗಳಾಯಿತು. ಕ್ರಿಸ್‌ಮಸ್ ಹೋಯಿತು, ಹೊಸ ವರ್ಷ ಹೋಯಿತು. ನಿನ್ನಮ್ಮನಿಗೆ ಊಲ್ಮ್‌ನಿಂದ ನೀನು ಬರೆದ ಕಾರ್ಡು ಬಂದಿದೆ. ಬೇಲಿಯಾಚೆಯಿಂದ ನನಗೆ ಓದಿ ಹೇಳಿದಳು: ಎಲ್ಲ ಚೆನ್ನಾಗಿದೆ, ಊಟ ಚೆನ್ನಾಗಿದೆ, ಹೊಸ ಬೂಟು ಕಚ್ಚುತ್ತದೆ. "ನಮ್ಮ ಹುಡುಗನಿಗೆ ಓದು ಹತ್ತಲಿಲ್ಲ, ಆದ್ರೆ ಸುಳ್ಳೂ ಹತ್ತಲಿಲ್ಲ ನೋಡು ಫೆನ್ನಾ" ಅಂದಳು. ನಾನು ಬಟ್ಟೆ ಒಣಹಾಕುತ್ತಿದ್ದೆ. ಒದ್ದೆ ಅಂಗಿಯನ್ನು ಮುಖಕ್ಕೆ ಹಿಡಿದುಕೊಂಡೆ.

ಕಾರ್ಡಿನ ಮೇಲಿದ್ದ ವಿಳಾಸಕ್ಕೆ ಇದನ್ನು ಕಳಿಸುತ್ತಿದ್ದೇನೆ. ಇವರು ಹೊಸ ವರ್ಷದ ದಿನ ತಮ್ಮ ಉಳಿಗಳನ್ನೆಲ್ಲ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿ ಹಾಕಿದರು. ಯಾರಿಗೆ ಅಂತ ಕೇಳಲಿಲ್ಲ ನಾನು.

ಬರಿ.

ಫೆನ್ನಾ


ಊಲ್ಮ್
20 ಜನವರಿ 2019

ಎಯ್ಲರ್ಟ್ ಮೇಸ್ತ್ರಿಗಳಿಗೆ,

ನೀವು ಕಂಡದ್ದು ನಿಜ. ಅಲಗಿನ ಹಿಂದೆ ತಗಡು ಇರಲಿಲ್ಲ. ಅದನ್ನು ತೆಗೆದವನು ನಾನು, ಆಮೇಲೆ ಹಾಕಿದವನೂ ನಾನು. ನಿಮ್ಮ ತಲೆಗೆ ಏನೂ ಆಗಿಲ್ಲ.

ಚಿಕ್ಕಮ್ಮನಿಗೆ ಅಕ್ಟೋಬರಿನಲ್ಲೇ ಬರೆದಿದ್ದೆ. ನಿಮಗೆ ಬರೆಯಲು ಇಷ್ಟು ದಿನ ಹಿಡಿದದ್ದು ಯಾಕೆ ಅಂದರೆ, ಅವರಿಗೆ ಬರೆದದ್ದರಲ್ಲೂ ಒಂದು ವಿಷಯ ಬಿಟ್ಟಿದ್ದೆ. ಅದನ್ನು ನಿಮಗಲ್ಲದೆ ಬೇರೆಯವರಿಗೆ ಮೊದಲು ಹೇಳುವಂತಿಲ್ಲ ಅನ್ನಿಸಿತು.

ಹನ್ನೊಂದು ಗಂಟೆಯ ಚಹಾ ನೆನಪಿದೆಯೇ? ಸಭಾಭವನ ನೋಡಿಕೊಳ್ಳುವ ಹಿಸ್ಕೆ ಅಜ್ಜಿ ತಂದಿದ್ದರು. ಕಲ್ಲುಸಕ್ಕರೆ, ಕೆನೆ, ಎಲ್ಲ ಸರಿಯಾಗಿ. ನೀವು ಎರಡನೆಯ ಬಟ್ಟಲು ಮುಗಿಸಿ ಅದರೊಳಗೆ ಚಮಚ ಇಟ್ಟಿರಿ. ಸಾಕು ಅಂತ. ಅಜ್ಜಿಗೆ ಸಿಟ್ಟು ಬಂತು.

"ಎರಡಕ್ಕೇ ಚಮಚ ಇಟ್ರಾ? ನಮ್ಮೂರ ಪದ್ಧತಿ ಬಿಟ್ಟು, ಮೂರು ಕುಡೀದೆ ಏಳೋಕೆ ನೀವೇನು ಹ್ಯಾಂಬರ್ಗಿನವರಾ?"

"ತೊಲೆ ಬೆಣೆ ಇಲ್ದೆ ನೇತಾಡ್ತಾ ಇದೆ ಹಿಸ್ಕೆ. ನಾಲ್ಕು ಬೆಣೆ ಸೀಳಿ ಬರ್ತೀನಿ. ಮೂರನೇದು ನಂದು ಹಾಗೇ ಇರ್ಲಿ."

ನೀವು ಎದ್ದು ಹೋದಿರಿ. ಅಜ್ಜಿ ಆಗಷ್ಟೇ ನನ್ನ ಮೂರನೆಯ ಬಟ್ಟಲಿಗೆ ಸುರಿದಿದ್ದರು. "ನೀನೂ ಓಡಿಹೋಗ್ತೀಯೋ ಹೇಗೆ?" ಅಂದರು. ಎಲ್ಲರೂ ನನ್ನನ್ನು ನೋಡಿದರು.

ಆಗ ನನಗೆ ನೆನಪಾಯಿತು, ಮೇಸ್ತ್ರಿಗಳೇ. ಇದೇ ಆ ವಿಷಯ. ಮರೆತಿದ್ದೆ ಅಂತ ಚಿಕ್ಕಮ್ಮ ತಿಳಿದಿದ್ದಾರೆ. ತಗಡು ಕಿಟಕಿಯ ಅಂಚಿನ ಮೇಲಿದೆ ಅಂತ ಸ್ಪಷ್ಟವಾಗಿ ನೆನಪಾಯಿತು. ನೀವು ಬೆಣೆ ಅಂದಿರಿ, ಬೆಣೆ ಅಂದರೆ ಗರಗಸ, ಅದೂ ಗೊತ್ತಿತ್ತು. ಕೂಗಿ ಹೇಳಿದ್ದರೆ ಎಲ್ಲರ ಎದುರು ನನ್ನ ತಪ್ಪು ಗೊತ್ತಾಗುತ್ತಿತ್ತು. ಬಟ್ಟಲು ಬಿಟ್ಟು ಎದ್ದರೆ ಅಜ್ಜಿ ಇನ್ನೊಂದು ಮಾತು ಅನ್ನುತ್ತಿದ್ದರು. ಮೇಸ್ತ್ರಿ ಮೊದಲು ಅಳತೆ ಹಾಕುತ್ತಾರೆ, ಮರ ಆರಿಸುತ್ತಾರೆ, ಅಷ್ಟರಲ್ಲಿ ಕುಡಿದು ಮುಗಿಸಿ ಮೆಲ್ಲಗೆ ಹೋಗಿ ಹಾಕಿಬಿಡೋಣ ಅಂದುಕೊಂಡೆ. ಚಹಾ ಸುಡುತ್ತಿತ್ತು. ನಾನು ಊದಿ ಊದಿ ಕುಡಿಯುತ್ತಿದ್ದೆ.

ಗರಗಸ ಶುರುವಾದ ಸದ್ದು ಕೇಳಿತು. ಆಗ ಎದ್ದೆ. ಶೆಡ್ಡಿನ ಬಾಗಿಲಿಗೆ ಬಂದಿದ್ದೆ ಅಷ್ಟೇ. ಗರಗಸದ ಕೂಗು ಒಮ್ಮೆಲೇ ಕುಗ್ಗಿ, ಕಪಾಳಕ್ಕೆ ಹೊಡೆದಂಥ ಒಂದು ಸದ್ದಾಯಿತು. ನಾನು ಬಂದಾಗ ನೀವು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಪೆನ್ಸಿಲ್ ಬಿದ್ದುಹೋದವರ ಹಾಗೆ ನೆಲ ನೋಡುತ್ತಿದ್ದಿರಿ. "ಮಿಷನ್ ಆರಿಸು ಹಿಲ್ಕೋ" ಅಂದಿರಿ. ದಿನವೂ ಹೇಳುವ ಹಾಗೆಯೇ ಹೇಳಿದಿರಿ.

ಉಳಿದವರು ನಿಮ್ಮನ್ನು ಹಿಡಿದುಕೊಂಡು ಗೇಟಿಗೆ ಹೋದರು. ಅಜ್ಜಿ ಮೊಣಕಾಲೂರಿ ಮರದ ಹೊಟ್ಟಿನಲ್ಲಿ ಹುಡುಕಿ, ಸಿಕ್ಕ ಬೆರಳುಗಳನ್ನು ಚಹಾದ ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದರು. ನಾನೊಬ್ಬನೇ ಉಳಿದೆ. ಸ್ಪ್ಯಾನರು ಜೇಬಿನಲ್ಲಿತ್ತು. ತಗಡು ಹಾಕಿ ನಟ್ ತಿರುಗಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ನನ್ನ ಕೈ ನಡುಗಲಿಲ್ಲ. ನನಗೆ ಈಗಲೂ ಭಯವಾಗುವುದು ಅದಕ್ಕೇ.

ತನಿಖೆಯವರು ನನ್ನನ್ನು ಕೇಳಿದ್ದರು, "ತಗಡು ಇತ್ತೇನಪ್ಪಾ?" ಅಂತ. "ಅಲ್ಲೇ ಇದೆಯಲ್ಲ ಸಾರ್, ನೋಡಿ" ಅಂದೆ. ಸುಳ್ಳು ಹೇಳಲಿಲ್ಲ ಅಂತ ಅವತ್ತು ಸಮಾಧಾನ ಮಾಡಿಕೊಂಡೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಕೇಳಿಲ್ಲ.

ಶಾಲೆ ಬಿಟ್ಟು ಬೀದಿ ಅಲೆಯುತ್ತಿದ್ದವನನ್ನು ನೀವು ಕರೆದುಕೊಂಡಿರಿ. ಬೇರೆಯವರು ಮುಟ್ಟಿದ ಮಿಷನ್ನನ್ನು ನೀವು ಮತ್ತೊಮ್ಮೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ನಾನು ಮುಟ್ಟಿದ್ದನ್ನು ಮಾತ್ರ ನೋಡುತ್ತಿರಲಿಲ್ಲ.

ಕ್ಷಮಿಸಿ ಅಂತ ಕೇಳುತ್ತಿಲ್ಲ. ನಿಮ್ಮ ಕಣ್ಣು ಸರಿಯಾಗಿಯೇ ನೋಡಿತ್ತು. ಅದೊಂದನ್ನು ತಿಳಿದುಕೊಳ್ಳಿ.

ಹಿಲ್ಕೋ


ವೆಸ್ಟರ್‌ಫೇನ್
6 ಫೆಬ್ರವರಿ 2019

ಮಗನೇ ಹಿಲ್ಕೋ,

ಎಡಗೈ ಬರಹ, ಓದಿಕೋ. ನಮ್ಮ ಕಾಲದಲ್ಲಿ ಎಡಗೈಯಲ್ಲಿ ಬರೆದರೆ ಮಾಸ್ತರು ಕೋಲು ಹಿಡಿಯುತ್ತಿದ್ದರು. ಈಗ ಕೈಗೆ ವ್ಯಾಯಾಮ ಹೇಳಿಕೊಡುವ ಹುಡುಗಿ ಶಹಬ್ಬಾಸ್ ಅನ್ನುತ್ತಾಳೆ. ಒಂದು ಪುಟಕ್ಕೆ ಎರಡು ದಿನ ಬೇಕು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ಮೇಲೆ ನಿನಗಿರುವ ಪ್ರೀತಿ ದೊಡ್ಡದು. ಆದರೆ ನಾನು ನಂಬುವುದಿಲ್ಲ.

ಆಸ್ಪತ್ರೆಯಲ್ಲಿ ನಾನು ಆಡಿದ ಮಾತು ಗೊತ್ತಿದ್ದದ್ದು ಇಬ್ಬರಿಗೆ, ಫೆನ್ನಾಳಿಗೆ ಮತ್ತು ತನಿಖೆಯವನಿಗೆ. ಈಗ ನೀನು ಏಳುನೂರು ಕಿಲೋಮೀಟರ್ ದೂರದಿಂದ, ಬಾಗಿಲಿಗೆ ಚೌಕಟ್ಟು ಕೂಡಿಸಿದ ಹಾಗೆ, ನನ್ನ ಮಾತಿಗೆ ಸರಿಹೊಂದುವ ತಪ್ಪೊಂದನ್ನು ಬರೆದು ಕಳಿಸಿದ್ದೀಯ. ಒಂದು ಕೂದಲೆಳೆ ಸಂದೂ ಇಲ್ಲ. ಒಳ್ಳೆಯ ಕೆಲಸ, ನಾನೇ ಕಲಿಸಿದ್ದು. ಅಕ್ಟೋಬರಿನಿಂದ ನಿಮ್ಮಿಬ್ಬರ ನಡುವೆ ಕಾಗದ ಓಡಾಡಿದೆ ಅಂತ ನೀನೇ ಒಪ್ಪಿಕೊಂಡಿದ್ದೀಯ. ಈ ಮುದುಕನ ತಲೆ ಕೆಟ್ಟಿದೆ, ಏನಾದರೂ ಹೇಳಿ ಸಮಾಧಾನ ಮಾಡೋಣ ಅಂತ ಅವಳು ಕೇಳಿಕೊಂಡಿದ್ದಾಳೆ. ನೀನು ಒಪ್ಪಿದ್ದೀಯ. ನನಗೆ ನೆನಪು ಹೋಗುತ್ತಿರಬಹುದು, ಲೆಕ್ಕ ಇನ್ನೂ ಹೋಗಿಲ್ಲ.

ತಗಡಿನ ಮೇಲೆ ರಕ್ತವಿಲ್ಲ ಅಂತ ಫೆನ್ನಾ ಫೋಟೋ ಹಿಡಿದು ತೋರಿಸಿದಳು. ರಕ್ತ ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಅಂತ ಅದಕ್ಕೆ ಯಾರು ಹೇಳಿಕೊಟ್ಟಿದ್ದಾರೆ?

'ಈ ಹುಡುಗ ಸುಳ್ಳು ಹೇಳೋದಿಲ್ಲ, ಹೇಳಿದ್ದನ್ನ ನೆನಪಿಟ್ಕೊಳ್ಳೋವಷ್ಟು ಓದಿಲ್ಲ ಇವನು' ಅಂತ ನಾನು ಎಲ್ಲರ ಮುಂದೆ ನಗುತ್ತಿದ್ದೆ. ಮೊದಲನೆಯ ಸುಳ್ಳನ್ನು ನನಗೋಸ್ಕರ ಹೇಳಿದೆಯಲ್ಲ, ಬೇಡ. ನಿನ್ನ ಹೆಸರಿಗೆ ಮಸಿ ಬಳಿದುಕೊಂಡು ನನ್ನ ಮನಸ್ಸಿಗೆ ಸುಣ್ಣ ಹೊಡೆಯಬೇಡ.

ಮಾರ್ಚ್ 29, ಶುಕ್ರವಾರ, ಪರೀಕ್ಷಕರ ಸಭೆ ಇದೆ. ಇಪ್ಪತ್ತೆರಡು ವರ್ಷ ಬಡಗಿ ಹುಡುಗರ ಪರೀಕ್ಷೆ ಮಾಡಿದ್ದೇನೆ. ಅವತ್ತು ಎದ್ದು ನಿಂತು ಹೇಳುತ್ತೇನೆ, ಇಲ್ಲದ್ದನ್ನು ಕಾಣುವವನು ಇನ್ನೊಬ್ಬರ ಕೆಲಸ ನೋಡಬಾರದು, ನನ್ನ ಹೆಸರು ತೆಗೆಯಿರಿ ಅಂತ. ಯಾಕೆ ಅಂತ ಅವರಿಗೆ ಸರಿಯಾಗಿ ಹೇಳಿಯೇ ಬಿಡುತ್ತೇನೆ. ಊರಿಗೆಲ್ಲ ಗೊತ್ತಾದರೆ ಆಮೇಲೆ ಹೆದರುವುದಕ್ಕೆ ಏನೂ ಉಳಿಯುವುದಿಲ್ಲ.

ನೀನು ಐವತ್ತು ಕಿಲೋಮೀಟರಿನ ಗಡಿಯಾಚೆಯೇ ಇರು. ನಿನ್ನ ಮೂರು ವರ್ಷ ಸರಿಯಾಗಿ ಮುಗಿಸು. ನಾನು ತಿರುಗಾಟದಲ್ಲಿದ್ದಾಗ ನನ್ನ ತಂಗಿಯ ಮದುವೆಯಾಯಿತು. ಐವತ್ತೆರಡು ಕಿಲೋಮೀಟರ್ ದೂರದ ಒಂದು ಹೋಟೆಲಿನಲ್ಲಿ ಕೂತು ಒಬ್ಬನೇ ಬಿಯರ್ ಕುಡಿದು ಬಂದೆ. ಎರಡು ಕಿಲೋಮೀಟರ್ ಒಳಗೆ ಬರಲಿಲ್ಲ. ಆ ಹೆಮ್ಮೆ ಇವತ್ತಿಗೂ ಇದೆ.

ಬೂಟಿಗೆ ಒಳಗಿನಿಂದ ಕೊಬ್ಬು ಹಚ್ಚು, ಕಚ್ಚುವುದಿಲ್ಲ.

ನಿನ್ನ ಮೇಸ್ತ್ರಿ
ಎಯ್ಲರ್ಟ್


ವೆಸ್ಟರ್‌ಫೇನ್
24 ಫೆಬ್ರವರಿ 2019

ಹಿಲ್ಕೋ,

ಅವರು ಬರೆದದ್ದು ನಿನಗೆ ಸಿಕ್ಕಿರಬೇಕು. ಏನು ಬರೆದರು ಅಂತ ತೋರಿಸಲಿಲ್ಲ, ಹೇಳಿದರು. ನಾನು ಬೈಬಲ್ ಮೇಲೆ ಕೈಯಿಟ್ಟೆ. "ಮೂವತ್ತೈದು ವರ್ಷದಲ್ಲಿ ಒಂದು ದಿನ ಚರ್ಚಿಗೆ ಸರಿಯಾಗಿ ಹೋಗಿಲ್ಲ ನೀನು, ಆ ಪುಸ್ತಕಕ್ಕೆ ನಿನ್ನ ಗುರುತೇ ಇಲ್ಲ" ಅಂದರು. ನಗಿಸಲು ಹೇಳಿದ್ದು. ನಗು ಬರಲಿಲ್ಲ.

ನೀನು ಅವರಿಗೆ ಬರೆದದ್ದನ್ನು ನಾನೂ ಓದಿದೆ. ನೆನಪಾಗಿತ್ತು ಅಂತ ಬರೆದಿದ್ದೀಯ. ಆ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟೆ. ಈ ಮೊದಲು ನಿನ್ನ ಮರೆವನ್ನು ಬೈಯುವುದಿಲ್ಲ ಅಂದಿದ್ದೆ. ಈಗ ಏನು ಅನ್ನಬೇಕೋ ತಿಳಿಯದೆ ಮೂರು ವಾರ ಕಳೆದಿದ್ದೇನೆ. ಒಂದು ಬಟ್ಟಲು ಚಹಾ. ಅವತ್ತಿನಿಂದ ಮೂರನೆಯದನ್ನು ನಾನು ಯಾರಿಗೂ ಒತ್ತಾಯ ಮಾಡಿ ಸುರಿದಿಲ್ಲ. ಹಿಸ್ಕೆಗೆ ಇದನ್ನು ಯಾವತ್ತೂ ಹೇಳಬೇಡ, ಸತ್ತೇಹೋಗುತ್ತಾಳೆ.

ಆದರೂ ಆ ಸಾಲಿನಿಂದಲೇ ನಿನ್ನ ಮಾತು ನಿಜ ಅಂತ ನನಗೆ ಇನ್ನೂ ಗಟ್ಟಿಯಾಯಿತು. ಸಮಾಧಾನ ಮಾಡಲು ಬರೆಯುವವನು ಅಷ್ಟು ಕೆಟ್ಟದ್ದನ್ನು ತನ್ನ ಮೇಲೆ ಬರೆದುಕೊಳ್ಳುವುದಿಲ್ಲ. ಇವರಿಗೆ ಹಾಗೆ ಹೇಳಿದೆ. ಎದ್ದು ಹೋಗಿ ಒಲೆ ಆರಿದೆಯೇ ಅಂತ ನೋಡಿ ಬಂದರು. ಒಲೆ ಹಚ್ಚಿಯೇ ಇರಲಿಲ್ಲ.

ಕಳೆದ ವಾರ ಲೇರ್‌ನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿದ್ದೆ. ಗಡಿಯಾರದ ಚಿತ್ರ ಬರೆಸಿದರು, ಹೆಸರುಗಳನ್ನು ಹೇಳಿ ಹಿಂದಿನಿಂದ ಹೇಳಿಸಿದರು. ಮೂವತ್ತಕ್ಕೆ ಇಪ್ಪತ್ತೊಂಬತ್ತು. ವೈದ್ಯರು ಕೈಕುಲುಕಿದರು. ದಾರಿಯಲ್ಲಿ ಇವರು, "ಅವತ್ತು ತನಿಖೆಯವ್ರು ಮಿಷನ್ನನ್ನೂ ನೋಡಿ ಸರಿ ಇದೆ ಅಂದ್ರಲ್ಲ ಫೆನ್ನಾ" ಅಂದರು.

ನನಗೆ ಈಗ ಅರ್ಥವಾಗಿದೆ. ಅವರಿಗೆ ನಂಬಲು ಆಸೆ ಇದೆ. ನಂಬಿ, ನಾಳೆ ಅದೂ ಸುಳ್ಳಾದರೆ ಆಮೇಲೆ ಎದ್ದು ನಿಲ್ಲಲಾರೆ ಅನ್ನುವ ಹೆದರಿಕೆ. ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು. ನಿನ್ನ ಕಣ್ಣು ನೋಡಿದ್ದರೆ ಅವರಿಗೆ ಗೊತ್ತಾಗುತ್ತಿತ್ತು.

ಬಾ ಅಂತ ನಾನು ಹೇಳುತ್ತಿಲ್ಲ. ಗಡಿ ದಾಟಿದರೆ ನಿನ್ನ ಗತಿ ಏನು ಅಂತ ನನಗೆ ಗೊತ್ತು. ಹದಿನೆಂಟು ತಿಂಗಳು ನಡೆದದ್ದು ನೀರಿಗೆ ಬೀಳುತ್ತದೆ, ಮತ್ತೆ ಯಾರೂ ನಿನ್ನನ್ನು ಸೇರಿಸಿಕೊಳ್ಳುವುದಿಲ್ಲ. ಹಾಗೆ ಕೇಳುವ ಹಕ್ಕು ನನಗೆ ಇದೆಯೋ ಇಲ್ಲವೋ, ನಾನು ಕೇಳುವುದಿಲ್ಲ.

ನಿನ್ನೆ ತಾಲೇಯಾ ಅವರ ಪ್ಯಾಂಟು ಹಿಡಿದು ಎದ್ದು ನಿಂತಿತು. ಅವರು ಎರಡು ಕೈಯನ್ನೂ ಬೆನ್ನ ಹಿಂದೆ ಇಟ್ಟುಕೊಂಡು ಅಲುಗಾಡದೆ ನಿಂತಿದ್ದರು, ಅದು ತಾನೇ ಕೂರುವ ತನಕ.

ಫೆನ್ನಾ


ಊಲ್ಮ್
24 ಮಾರ್ಚ್ 2019

ಎಯ್ಲರ್ಟ್ ಮೇಸ್ತ್ರಿಗಳಿಗೆ,

ಬೈಗುಳಕ್ಕೆ ನಾನು ತಯಾರಾಗಿದ್ದೆ. ನೀವು ಇನ್ನು ಮುಂದೆ ನನ್ನ ಮುಖ ನೋಡುವುದಿಲ್ಲ ಅನ್ನುವುದಕ್ಕೂ ತಯಾರಾಗಿದ್ದೆ. ಹುಟ್ಟಿದ ಮೇಲೆ ಅತಿ ಕಷ್ಟಪಟ್ಟು ಹೇಳಿದ ನಿಜವನ್ನು ನೀವು ಒಳ್ಳೆಯ ಸುಳ್ಳು ಅಂತ ಮೆಚ್ಚಿಕೊಳ್ಳುತ್ತೀರಿ ಅಂತ ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ. ನಿಮ್ಮ ಕಾಗದ ಓದಿದ ದಿನ ನಾನು ಛಾವಣಿಯ ಮೇಲಿದ್ದೆ. ಕೆಲಸ ಬಿಟ್ಟು ಕೆಳಗಿಳಿದು ಬಂದೆ. ಆರು ವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇನ್ನೊಂದು ಕಾಗದ ಬರೆಯೋಣ, ಇನ್ನೂ ಚೆನ್ನಾಗಿ ಬರೆಯೋಣ ಅಂತ ಕೂತೆ. ಚೆನ್ನಾಗಿ ಬರೆದಷ್ಟೂ ನೀವು ನಂಬುವುದು ಕಡಿಮೆಯಾಗುತ್ತದೆ ಅಂತ ಆಮೇಲೆ ಹೊಳೆಯಿತು.

ತನಿಖೆಯವರಿಗೂ ಎಲ್ಲ ಬರೆದು ರುಜು ಹಾಕಿ ಕಳಿಸಿದ್ದೇನೆ. ನಕಲು ಇದರ ಜೊತೆಗಿದೆ. ಅದೂ ಕಾಗದವೇ ಅನ್ನುತ್ತೀರಿ, ಗೊತ್ತು. ಅವರು ನನ್ನ ಮೇಲೆ ಏನು ಕ್ರಮ ಬೇಕಾದರೂ ತೆಗೆದುಕೊಳ್ಳಲಿ.

ನಿನ್ನೆ ಇಲ್ಲಿನ ಬಡಗಿಗಳ ವಸತಿಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ನಾನು ಎದ್ದು ನಿಂತು ಹೇಳಿದೆ. ಗರಗಸದ್ದು, ತಗಡಿನದು, ಸ್ಪ್ಯಾನರಿನದು, ನಿಮ್ಮದು. ಇಲ್ಲಿ ಹಿರಿಯರು ಎರ್ವಿನ್ ಅಂತ, ನಿಮ್ಮ ವಯಸ್ಸಿನವರು. ಅವರು ಕೇಳಿದರು.

"ಊರೊಳಗೆ ಹೋಗ್ತೀಯಾ?"

"ಹೋಗ್ತೀನಿ."

"ಹೋದ್ರೆ ಮತ್ತೆ ಇಲ್ಲಿಗೆ ಬರೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು."

"ಇನ್ನೂ ಒಂದೂವರೆ ವರ್ಷ ಇದೆ. ಮುಗಿಸ್ಕೊಂಡು ಹೋಗಿ ಹೇಳಿದ್ರೆ ಆಗೋದಿಲ್ವಾ?"

"ಶುಕ್ರವಾರ ಅವರು ಸಭೇಲಿ ಎದ್ದು ನಿಂತು, ನನಗೆ ತಲೆ ಸರಿ ಇಲ್ಲ ಅಂತ ಹೇಳ್ತಾರೆ. ಒಂದೂವರೆ ವರ್ಷ ಬಿಟ್ಟು ಹೋದ್ರೆ ನಾನು ಯಾರಿಗೆ ಹೇಳ್ಲಿ?"

ಎರ್ವಿನ್ ತಟ್ಟೆ ಪಕ್ಕಕ್ಕೆ ಸರಿಸಿದರು. ನನ್ನ ಕೋಲು, ಊರೂರಿನ ಮುದ್ರೆ ಬಿದ್ದ ಪುಸ್ತಕ, ಕತ್ತಿನ ಕಪ್ಪು ಟೈ, ತಿರುಗುವ ಬಡಗಿಯ ಗುರುತಾದ ಮೂರನ್ನೂ ಮೇಜಿನ ಮೇಲೆ ಇಡಿಸಿಕೊಂಡರು. ಬೈಯಲಿಲ್ಲ. ಇಟ್ಟಾದ ಮೇಲೆ, "ಊಟ ಮುಗಿಸು" ಅಂದರು. ಯೋಸ್ಟ್ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತ.

"ನಿನ್ನ ಮೇಸ್ತ್ರಿ ಆಗಲೂ ನಂಬದೆ ಇದ್ರೆ?"

"ನಂಬೋ ತನಕ ಅಂಗಳ ಬಿಟ್ಟು ಏಳೋದಿಲ್ಲ."

"ನಿನ್ನಂಥ ಮೊಂಡನನ್ನ ಅಂಗಳದಲ್ಲಿ ಇಟ್ಕೊಳ್ಳೋದಕ್ಕಿಂತ ನಂಬೋದೇ ಮೇಲು ಅಂತ ಅನ್ನಿಸ್ಬಹುದು ಅವ್ರಿಗೆ" ಅಂದ. ತನ್ನ ಕಾಲುಚೀಲ ಒಂದು ಜೊತೆ ಕೊಟ್ಟ.

ಮೇಸ್ತ್ರಿಗಳೇ, ನಿಮ್ಮ ತಂಗಿಯ ಮದುವೆಗೂ ನೀವು ಆ ಎರಡು ಕಿಲೋಮೀಟರ್ ಒಳಗೆ ಬರಲಿಲ್ಲ. ಆ ಗಡಿ ಅಂದರೆ ಏನು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾರನ್ನೋ ಸಮಾಧಾನ ಮಾಡುವುದಕ್ಕೆ ಒಬ್ಬ ಬಡಗಿ ಅದನ್ನು ದಾಟುತ್ತಾನೆಯೇ, ನೀವೇ ಯೋಚಿಸಿ. ಅಂಗಳದಲ್ಲಿ ನನ್ನನ್ನು ನಿಲ್ಲಿಸಿಕೊಂಡು ಏನು ಬೇಕಾದರೂ ಕೇಳಿ. ಚಿಕ್ಕಮ್ಮ ಪಕ್ಕದಲ್ಲಿರುವುದು ಬೇಡ. ಬೇಕಾದರೆ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿ. ಆಮೇಲೆ ಓಡಿಸುವುದಿದ್ದರೆ ಓಡಿಸಿ. ಆದರೆ ಶುಕ್ರವಾರ ಸಭೆಯಲ್ಲಿ ಎದ್ದು ನಿಲ್ಲಬೇಕಾದವನು ನಾನು. ಅಲ್ಲಿ ಹೇಳಬೇಕಾದ ಮಾತು ನನ್ನದು, ನಿಮ್ಮದಲ್ಲ. ನಾನು ಬರುವ ತನಕ ಬಾಯಿ ಬಿಡಬೇಡಿ.

ದಾರಿಯಲ್ಲಿ ಸಿಕ್ಕ ಗಾಡಿ ಹತ್ತಿಕೊಂಡು ಬಂದರೂ ಮೂರು ದಿನ ಬೇಕು. ಬುಧವಾರ ಸಂಜೆಯೊಳಗೆ ಊರಿನಲ್ಲಿರುತ್ತೇನೆ. ಈ ಕಾಗದ ನನಗಿಂತ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ ಗೊತ್ತಿಲ್ಲ.

ನಾಳೆ ಬೆಳಿಗ್ಗೆ ಹೊರಡುತ್ತೇನೆ.

ಹಿಲ್ಕೋ